ನಾಲ್ಕು ವರ್ಷದವನಿಗೆ ದಸರಾ ಆನೆಯ ಹ್ಯಾಲೋವೀನ್ ವೇಷ: ಹೊಲಿಯುವುದು ಹೇಗೆ?

ಪುಟ್ಟನ ಅಮ್ಮ, ಮಿನ್ನಿಯಾಪೊಲಿಸ್

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 31ಕ್ಕೆ ಇಲ್ಲಿ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಚಾಕೊಲೇಟ್ ಕೇಳುವ ಹ್ಯಾಲೋವೀನ್ ಇದೆಯಲ್ಲ, ಈ ಸಲ ಮಗನ ವೇಷವನ್ನು ಮನೆಯಲ್ಲೇ ಹೊಲಿಯಬೇಕು ಅಂತಿದ್ದೇನೆ. ವಿಜಯದಶಮಿಯ ಜಂಬೂಸವಾರಿಯನ್ನು ಯೂಟ್ಯೂಬಿನಲ್ಲಿ ತೋರಿಸಿದ್ದೆವು. ಆವತ್ತಿನಿಂದ "ನಾನು ಅಭಿಮನ್ಯು" ಅನ್ನುತ್ತಾ ಬೆನ್ನಿಗೆ ದಿಂಬು ಕಟ್ಟಿಸಿಕೊಂಡು ಮನೆಯೆಲ್ಲ ಸುತ್ತುತ್ತಿದ್ದಾನೆ. 2020ರಿಂದ ಚಿನ್ನದ ಅಂಬಾರಿ ಹೊರುತ್ತಿರುವ ಆನೆ ಅಲ್ವಾ, ಅವನ ಕಣ್ಣಿಗೆ ಅದಕ್ಕಿಂತ ದೊಡ್ಡ ಹೀರೋ ಬೇರೆ ಯಾರೂ ಇಲ್ಲ. ಅಂಗಡಿಯಲ್ಲಿ ಆನೆ ವೇಷ ಸಿಗುತ್ತದೆ. ಆದರೆ ಅಂಬಾರಿ ಇಲ್ಲದ ಆನೆ ಅವನಿಗೆ ಬೇಡ.

ನನಗೆ ನೇರ ಹೊಲಿಗೆ ಚೆನ್ನಾಗಿ ಬರುತ್ತದೆ. ದಿಂಬಿನ ಕವರ್, ಪರದೆ, ಮಗಳಿಗೆ ಲಂಗ ಹೊಲಿದಿದ್ದೇನೆ. ತೋಳು ಕೂಡಿಸಿ ಅಭ್ಯಾಸ ಇಲ್ಲ. ಸಾಧಾರಣ ಬ್ರದರ್ ಹೊಲಿಗೆ ಮಷೀನ್ ಇದೆ, ಬಟ್ಟೆಯ ಅಂಚು ನೂಲು ಬಿಡದ ಹಾಗೆ ಕಟ್ಟುವ ಓವರ್‌ಲಾಕ್ ಮಷೀನ್ ಇಲ್ಲ. ಯಾವ ಬಟ್ಟೆ ತರಲಿ, ಎಷ್ಟು ತರಲಿ? ಸೊಂಡಿಲನ್ನು ಹೇಗೆ ನಿಲ್ಲಿಸುವುದು? ಅಂಬಾರಿಯನ್ನು ಹೇಗೆ ಕೂರಿಸುವುದು? ಒಂದೂವರೆ ವರ್ಷದ ಮಗಳೂ ಇದ್ದಾಳೆ. ಅಣ್ಣನಿಗೆ ಹೊಂದುವಂಥದ್ದು ಅವಳಿಗೂ ಏನಾದರೂ ಹೇಳಿ.

ಟೈಲರ್ ಮಗಳು, ಹಾಸನದವಳು, ಈಗ ಶಿಕಾಗೊ

ಪುಟ್ಟನ ಅಮ್ಮ, ನೇರ ಹೊಲಿಗೆ ಬಂದರೆ ಸಾಕು, ಧೈರ್ಯವಾಗಿ ಶುರು ಮಾಡಿ. ಮೊದಲು ಒಂದು ಮಾತು. ನೀವು ಹೊಲಿಯುವುದು ಮಗು ಹಾಕಿಕೊಂಡು ಓಡಾಡುವ ಬಟ್ಟೆ. ನಮ್ಮೂರಿನ ಶಾಲೆಯ ಛದ್ಮವೇಷ ಸ್ಪರ್ಧೆಯಲ್ಲಿ ಮಗು ವೇದಿಕೆಗೆ ಬಂದು ಎರಡು ಸಾಲು ಹೇಳಿ ಇಳಿದುಹೋಗುತ್ತದೆ. ಓಬವ್ವನ ಸೀರೆ ಜಾರುತ್ತಿದ್ದರೂ ಒಂದೆರಡು ಪಿನ್ನಿನಲ್ಲಿ ಕೆಲಸ ನಡೆಯುತ್ತದೆ. ಇಲ್ಲಿ ಹಾಗಲ್ಲ. ಕತ್ತಲಲ್ಲಿ, ಚಳಿಯಲ್ಲಿ, ಮನೆಯಿಂದ ಮನೆಗೆ ಮೆಟ್ಟಿಲು ಹತ್ತಿ ಇಳಿಯಬೇಕು, ಒಂದು ಕೈಯಲ್ಲಿ ಚಾಕೊಲೇಟಿನ ಬುಟ್ಟಿ ಬೇರೆ. ಅದಕ್ಕೇ ನಾನು ಮೊದಲು ಬೆಚ್ಚಗಿನ, ಸಡಿಲವಾದ, ಕಾಲಿಗೆ ಸಿಗದ ಅಂಗಿ ಹೊಲಿಯುತ್ತೇನೆ. ಆಮೇಲೆ ಅದರ ಮೇಲೆ ಆನೆಯನ್ನು ಕೂರಿಸುತ್ತೇನೆ.

ಬಟ್ಟೆ ಫ್ಲೀಸ್ ತನ್ನಿ, ಅಂದರೆ ಚಳಿಗೆ ಹಾಕುವ, ಮೃದು ಜುಂಜಿನ ಪಾಲಿಯೆಸ್ಟರ್ ಬಟ್ಟೆ. ಕತ್ತರಿಸಿದ ಅಂಚಿನಿಂದ ನೂಲು ಬಿಡುವುದಿಲ್ಲ, ಹಾಗಾಗಿ ಓವರ್‌ಲಾಕ್ ಬೇಡವೇ ಬೇಡ. ಅರಗು ಮಡಿಚದಿದ್ದರೂ ನಡೆಯುತ್ತದೆ. ಅಗಲ 58ರಿಂದ 60 ಇಂಚು ಇರುತ್ತದೆ. ನಾಲ್ಕು ವರ್ಷದವನ ಅಂಗಿ, ಟೋಪಿ, ಕಿವಿ, ಸೊಂಡಿಲು ಎಲ್ಲಕ್ಕೂ ಒಂದೂವರೆ ಗಜ ಧಾರಾಳ. ಸ್ಯಾಟಿನ್ ಕಡೆ ಹೋಗಬೇಡಿ. ಹೊಳಪು ಚೆನ್ನ, ಆದರೆ ಕತ್ತರಿ ಇಟ್ಟ ಕ್ಷಣದಿಂದ ನೂಲು ಬಿಡುತ್ತಾ ಹೋಗುತ್ತದೆ.

ಅಂಗಿಗೆ ಪ್ಯಾಟರ್ನ್ ಕೊಳ್ಳಬೇಕಿಲ್ಲ. ಮಗನ ಹೂಡಿಯನ್ನು (ಟೋಪಿ ಇರುವ ಸ್ವೆಟ್‌ಶರ್ಟ್) ಉದ್ದಕ್ಕೆ ಅರ್ಧ ಮಡಿಚಿ, ಮಡಿಚಿದ ಫ್ಲೀಸಿನ ಮೇಲೆ ಮಡಿಕೆಗೆ ಮಡಿಕೆ ಸೇರಿಸಿ ಇಡಿ. ಸುತ್ತ ಎರಡು ಇಂಚು ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮೈ ತೋಳು ಒಂದೇ ತುಂಡು, ಹಳೇ ಕಾಲದ ಜುಬ್ಬದ ಥರ. ಹಿಂಭಾಗ ಒಂದು, ಮುಂಭಾಗ ಒಂದು. ಭುಜ ಮತ್ತು ಪಕ್ಕದ ಹೊಲಿಗೆ ಹಾಕಿದರೆ ಮುಗಿಯಿತು, ತೋಳು ಕೂಡಿಸುವ ಕೆಲಸವೇ ಬರುವುದಿಲ್ಲ. ಬಟ್ಟೆ ಎಳೆದರೆ ಹಿಗ್ಗುವ ದಿಕ್ಕು ಮೈಯ ಅಗಲಕ್ಕೆ ಬರಲಿ. ಮಂಡಿಯಿಂದ ನಾಲ್ಕು ಬೆರಳು ಮೇಲಕ್ಕೆ ನಿಲ್ಲಿಸಿ. ಕೆಳಗೆ ಅವನದ್ದೇ ಬೂದು ಬಣ್ಣದ ಪ್ಯಾಂಟು.

ಸೂಜಿ ಬಾಲ್‌ಪಾಯಿಂಟ್ (ತುದಿ ದುಂಡಗಿರುವುದು), 90/14 ಅಳತೆಯದ್ದು ಹಾಕಿ. ಹೊಲಿಗೆಯ ಉದ್ದ 3 ಮಿಲಿಮೀಟರಿಗಿಂತ ಕಡಿಮೆ ಬೇಡ, ಸ್ವಲ್ಪವೇ ಜಿಗ್‌ಜ್ಯಾಗ್ ಇರಲಿ. ಹೊಲಿಗೆ ಚಿಕ್ಕದಾದರೆ ಬಟ್ಟೆ ಅಲೆ ಅಲೆಯಾಗಿ ಹಿಗ್ಗಿಬಿಡುತ್ತದೆ. ಇಸ್ತ್ರಿ ಮಾತ್ರ ಮುಟ್ಟಿಸಬೇಡಿ, ಫ್ಲೀಸ್ ಕರಗುತ್ತದೆ.

ಸೊಂಡಿಲಿಗೆ ಬರುತ್ತೇನೆ, ಇದು ನನಗೆ ತುಂಬಾ ಇಷ್ಟದ ಭಾಗ. ಬುಡ ದಪ್ಪ, ತುದಿ ಸಣ್ಣ ಇರುವಂತೆ ಎರಡು ತುಂಡು ಕತ್ತರಿಸಿ, ಉದ್ದ ಎಂಟು ಇಂಚು ಸಾಕು. ಎರಡನ್ನೂ ಸೇರಿಸುವ ಮೊದಲು ಮೇಲ್ಭಾಗದ ತುಂಡಿನ ಒಳಗಡೆ, ಉದ್ದಕ್ಕೆ ಸರಿಯಾಗಿ ನಡುವೆ, ಸಣ್ಣ ಇಲಾಸ್ಟಿಕ್ ಇಟ್ಟು ಬಲವಾಗಿ ಎಳೆದು ಹಿಡಿದುಕೊಂಡೇ ಜಿಗ್‌ಜ್ಯಾಗ್ ಹೊಡೆಯಿರಿ. ಕೈ ಬಿಟ್ಟ ತಕ್ಷಣ ಬಟ್ಟೆ ಅಡ್ಡಡ್ಡ ಸುಕ್ಕುಗಟ್ಟಿ, ತುದಿ ಮೇಲಕ್ಕೆ ಸುರುಳಿಯಾಗುತ್ತದೆ. ಆ ಸುಕ್ಕು ನೋಡಿದರೆ ನಿಜವಾದ ಸೊಂಡಿಲೇ. ಆಮೇಲೆ ಪಕ್ಕಗಳನ್ನು ಹೊಲಿದು ಹತ್ತಿ ಅಥವಾ ಪಾಲಿಯೆಸ್ಟರ್ ತುಂಬು ಸ್ವಲ್ಪವೇ ಹಾಕಿ. ಜಾಸ್ತಿ ತುಂಬಿದರೆ ಭಾರಕ್ಕೆ ಟೋಪಿ ಕಣ್ಣಿನ ಮೇಲೆ ಇಳಿಯುತ್ತದೆ. ತಂತಿ ಹಾಕಬೇಡಿ, ಬಿದ್ದರೆ ಕಣ್ಣಿಗೆ ಅಪಾಯ.

ಕಿವಿಗೆ ಎರಡು ಪದರ ಫ್ಲೀಸ್, ನಡುವೆ ಫೆಲ್ಟ್ (ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆ). ನಮ್ಮ ಆನೆಯ ಕಿವಿ ಚಿಕ್ಕದು ಅಂತ ನೆನಪಿಟ್ಟುಕೊಳ್ಳಿ. ಇಲ್ಲಿ ಸಿಗುವ ಚಿತ್ರಗಳೆಲ್ಲ ಮೊರದಗಲ ಕಿವಿಯ ಆಫ್ರಿಕಾದ ಆನೆಯವು. ಕಿವಿಯ ಅಂಚಿಗೆ ತಿಳಿ ಗುಲಾಬಿ ಬಣ್ಣದ ಚುಕ್ಕೆ ಇಟ್ಟರೆ ಇನ್ನೂ ಚೆನ್ನ, ಏಷ್ಯಾದ ಆನೆಗೆ ಅದು ಇರುತ್ತದೆ. ಟೋಪಿಯ ಎರಡೂ ಪಕ್ಕದಲ್ಲಿ ಮೂರಿಂಚಿನ ಸೀಳು ಮಾಡಿ, ಕಿವಿಯ ಬುಡವನ್ನು ಒಂದು ನೆರಿಗೆ ಹಿಡಿದು ಒಳಗೆ ಸೇರಿಸಿ, ಡಾರ್ಟ್ ಹೊಲಿದ ಹಾಗೆ, ಅಂದರೆ ತುದಿಗೆ ಹೋಗುತ್ತಾ ಮೊನಚಾಗುವಂತೆ ಹೊಲಿಯಿರಿ. ಕಿವಿ ತಾನಾಗೇ ಮುಂದಕ್ಕೆ ತಿರುಗಿ ನಿಲ್ಲುತ್ತದೆ.

ಬಿಸಿಲೂರಿನ ತಾಯಿ, ಡಲ್ಲಾಸ್

ಟೈಲರ್ ಮಗಳು ಹೇಳಿದ್ದೆಲ್ಲ ಉತ್ತರದವರಿಗೆ ಸರಿ. ಟೆಕ್ಸಾಸ್, ಫ್ಲೋರಿಡಾ, ಅರಿಝೋನಾದಲ್ಲಿರುವವರು ಇದನ್ನು ಓದಿ ಫ್ಲೀಸ್ ತರಲು ಓಡಬೇಡಿ. ಇಲ್ಲಿ ಅಕ್ಟೋಬರ್ ಕೊನೆಯಲ್ಲೂ ಎಷ್ಟೋ ಸಲ ಸೆಕೆ ಇರುತ್ತದೆ. ಮಗು ಬೆವರಿ ಅರ್ಧ ದಾರಿಯಲ್ಲೇ ಎಲ್ಲ ಕಿತ್ತು ಕೈಗೆ ಕೊಡುತ್ತದೆ. ನಾನು ಉದ್ದ ತೋಳಿನ ಟೀ ಶರ್ಟ್ ತೆಗೆದುಕೊಂಡು ಹೊಟ್ಟೆ, ಬಾಲ, ಚುಕ್ಕೆಗಳನ್ನು ಫೆಲ್ಟಿನಲ್ಲಿ ಕತ್ತರಿಸಿ ಹೊಲಿಯುತ್ತೇನೆ. ಕಿವಿ ಹೇರ್‌ಬ್ಯಾಂಡಿನ ಮೇಲೆ. ಅಷ್ಟೇ.

ಪುಟ್ಟನ ಅಮ್ಮ

ನಮ್ಮಲ್ಲಿ ಸೆಕೆಯ ಮಾತೇ ಇಲ್ಲ. 1991ರ ಹ್ಯಾಲೋವೀನ್ ಹಿಮಪಾತದ ಕಥೆಯನ್ನು ಪಕ್ಕದ ಮನೆಯ ಅಜ್ಜ ಪ್ರತಿ ವರ್ಷ ಹೇಳುತ್ತಾರೆ. ಆ ಮೂರ್ನಾಲ್ಕು ದಿನದಲ್ಲಿ ಇಲ್ಲಿ 28 ಇಂಚಿಗೂ ಜಾಸ್ತಿ ಹಿಮ ಬಿದ್ದಿತ್ತು. ಅದಕ್ಕೇ ಒಳಗೆ ಸ್ವೆಟರ್ ಹಾಕುವಷ್ಟು ಜಾಗ ಬಿಡುತ್ತೇನೆ.

ಸೊಂಡಿಲಿನ ಇಲಾಸ್ಟಿಕ್ ಉಪಾಯ ಓದಿ ತುಂಬ ಖುಷಿಯಾಯಿತು. ಇನ್ನೊಂದು, ಇಲ್ಲಿ ಬಟ್ಟೆ ಎಲ್ಲಿ ತರುವುದು? ನಾನು ಹೋಗುತ್ತಿದ್ದದ್ದು ಜೋ-ಆನ್ ಅಂಗಡಿಗೆ.

ಕರಾವಳಿ ಅಪ್ಪ, ನ್ಯೂಜೆರ್ಸಿ

ಜೋ-ಆನ್ 2025ರ ಮೇ ಹೊತ್ತಿಗೆ ಎಲ್ಲ ಅಂಗಡಿಗಳನ್ನೂ ಮುಚ್ಚಿತು. ನಮ್ಮ ಮನೆಯಲ್ಲಿ ಅದೊಂದು ನಿಜವಾದ ದುಃಖ, ಬಟ್ಟೆಯನ್ನು ಮುಟ್ಟಿ ನೋಡಿ ತರುವ ಜಾಗವೇ ಹೋಯಿತು. ಈಗ ಹಾಬಿ ಲಾಬಿ, ವಾಲ್‌ಮಾರ್ಟ್, ಕೆಲವು ಕಡೆ ಮೈಕೆಲ್ಸ್. ಆದರೆ ಆನೆಗೆ ನಾನು ಹೇಳುವುದು ಬೇರೆ: 50 ಇಂಚು ಅಗಲ, 60 ಇಂಚು ಉದ್ದದ ಫ್ಲೀಸ್ ಹೊದಿಕೆ ಸಿಗುತ್ತದಲ್ಲ, ಅದನ್ನೇ ತನ್ನಿ. ಗಜದ ಲೆಕ್ಕದ ಬಟ್ಟೆಗಿಂತ ಎಷ್ಟೋ ಸಲ ಅಗ್ಗ. ಮಷೀನ್ ಇಲ್ಲದವರು ನಿಮ್ಮೂರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೇಳಿ, ಬಹಳ ಕಡೆ ಹೊಲಿಗೆ ಮಷೀನ್ ಬಳಸಲು ಕೊಡುತ್ತಾರೆ.

ನನಗೆ ಹೆಚ್ಚು ಕಾಳಜಿ ಬೆಂಕಿಯದ್ದು. ಕುಂಬಳಕಾಯಿ ಕೆತ್ತಿ ಒಳಗೆ ಮೇಣದ ಬತ್ತಿ ಹಚ್ಚಿ ಮೆಟ್ಟಿಲ ಮೇಲೆ ಇಡುತ್ತಾರೆ. ಆ ಜ್ವಾಲೆ ಇರುವುದು ಸರಿಯಾಗಿ ನಾಲ್ಕು ವರ್ಷದವರ ಅಂಗಿಯ ಅಂಚಿನ ಎತ್ತರದಲ್ಲಿ. 2024ರಲ್ಲಿ ನರಕ ಚತುರ್ದಶಿ, ಹ್ಯಾಲೋವೀನ್ ಎರಡೂ ಅಕ್ಟೋಬರ್ 31ಕ್ಕೇ ಬಂದಿದ್ದವು. ನಮ್ಮ ಬಾಗಿಲಲ್ಲಿ ಹಣತೆ, ಪಕ್ಕದ ಬಾಗಿಲಲ್ಲಿ ಕುಂಬಳಕಾಯಿ ದೀಪ, ನಡುವೆ ಉದ್ದ ಸೆರಗಿನ, ಅಗಲ ತೋಳಿನ ಮಕ್ಕಳು. ಆವತ್ತು ನಾನು ದೀಪದ ಪಕ್ಕ ಬಿಟ್ಟು ಕದಲಲಿಲ್ಲ.

ಈ ದೇಶದಲ್ಲಿ ಬಟ್ಟೆ ಉರಿಯುವ ಬಗ್ಗೆ ಕಾನೂನು ಬಂದದ್ದಕ್ಕೂ ಮಕ್ಕಳ ವೇಷಕ್ಕೂ ಸಂಬಂಧ ಇದೆ. 1940ರ ದಶಕದಲ್ಲಿ ಕೌಬಾಯ್ ವೇಷಕ್ಕೆ ರೇಯಾನಿನ ತುಪ್ಪಳ ಹಚ್ಚಿದ ಕಾಲುಗವಸು ಮಾರುತ್ತಿದ್ದರು. ಕಿಡಿ ತಾಗಿದರೆ ಕಣ್ಣು ಮಿಟುಕಿಸುವುದರೊಳಗೆ ಉರಿ ಮೇಲೇರುತ್ತಿತ್ತು. ಅದನ್ನು ಹಾಕಿಕೊಂಡ ಮಕ್ಕಳು ಸುಟ್ಟುಕೊಂಡರು, ಕೆಲವರು ಉಳಿಯಲಿಲ್ಲ. ಅಂಥದ್ದೇ ರೇಯಾನ್ ಸ್ವೆಟರುಗಳಿಂದಲೂ ಅನಾಹುತಗಳಾದವು. ಅದರ ಮೇಲೆ 1953ರಲ್ಲಿ ಕಾನೂನು ಆಯಿತು. ಅದಕ್ಕೂ ಮೊದಲು ಇಲ್ಲಿ ಮನೆಮನೆಯಲ್ಲಿ ಕ್ರೇಪ್ ಕಾಗದದಲ್ಲೇ ವೇಷ ಮಾಡುತ್ತಿದ್ದರು. ಡೆನಿಸನ್ ಅನ್ನುವ ಕಾಗದದ ಕಂಪನಿ 1909ರಿಂದಲೇ ಹ್ಯಾಲೋವೀನಿಗೆ ಅಂತ ಕಿರುಪುಸ್ತಕ ಹೊರತರುತ್ತಿತ್ತು. ಆ ಕಾಗದದ ಲಂಗ, ಪಕ್ಕದಲ್ಲಿ ಮೇಣದ ಬತ್ತಿ, ನೆನೆಸಿಕೊಂಡರೇ ಎದೆ ಝಲ್ಲೆನ್ನುತ್ತದೆ.

ಮೊಮ್ಮಕ್ಕಳ ಅಜ್ಜಿ, ದಾವಣಗೆರೆಯಿಂದ ಮಗಳ ಮನೆಗೆ ಬಂದಿದ್ದೇನೆ

ಮಕ್ಕಳಾ, ನಾನು ಒಂದು ಮಾತು ಹೇಳಲಾ? ಬೆಂಕಿ ಅಂದಮೇಲೆ ಹತ್ತಿ ಬಟ್ಟೆನೇ ಹಾಕಬೇಕು. ದೀಪಾವಳಿಗೆ ಪಟಾಕಿ ಹೊಡೆಯುವಾಗ ನಾವು ಮಕ್ಕಳಿಗೆ ನೈಲಾನ್, ಪಾಲಿಯೆಸ್ಟರ್ ಹಾಕಲು ಬಿಡುವುದೇ ಇಲ್ಲ. ಅದು ಕರಗಿ ಮೈಗೆ ಅಂಟಿಕೊಳ್ಳುತ್ತದೆ. ನೀವೆಲ್ಲ ಫ್ಲೀಸ್ ಫ್ಲೀಸ್ ಅನ್ನುತ್ತಿದ್ದೀರಿ, ಅದೂ ಪಾಲಿಯೆಸ್ಟರ್ ತಾನೆ?

ಕರಾವಳಿ ಅಪ್ಪ

ಅಜ್ಜಿ, ನೀವು ಹೇಳುವುದು ನಿಜ. ಫ್ಲೀಸ್ ಪಾಲಿಯೆಸ್ಟರೇ, ಕರಗಿದರೆ ಚರ್ಮಕ್ಕೆ ಅಂಟುತ್ತದೆ. ಆದರೆ ಇಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಹ್ಯಾಲೋವೀನಿಗೆ ಹೇಳುವುದು ಉಲ್ಟಾ ಇದೆ: ಬೆಂಕಿ ತಡೆಯುವ ಬಟ್ಟೆ ಅಂತ ಗುರುತು ಇರುವುದನ್ನು ನೋಡಿ, ನೈಲಾನ್ ಪಾಲಿಯೆಸ್ಟರಿನಂಥವು ಬೇಗ ಹೊತ್ತಿಕೊಳ್ಳುವುದಿಲ್ಲ, ತೆಳುವಾದ, ಗಾಳಿಗೆ ಹಾರುವ ಬಟ್ಟೆ ಬೇಡ ಅಂತ. ಹತ್ತಿ ಕರಗುವುದಿಲ್ಲ, ಆದರೆ ಬೇಗ ಹೊತ್ತಿಕೊಳ್ಳುತ್ತದೆ. ಜುಂಜು ಎಬ್ಬಿಸಿದ ಫ್ಲಾನಲ್ ಆದರಂತೂ ಉರಿ ಮೇಲ್ಮೈಯಲ್ಲೇ ಓಡುತ್ತದೆ. ಎರಡು ಮಾತೂ ಸುಳ್ಳಲ್ಲ. ಒಂದು ಮಾತು ಹೊತ್ತಿಕೊಂಡ ಮೇಲೆ ಆಗುವುದರ ಬಗ್ಗೆ, ಇನ್ನೊಂದು ಹೊತ್ತಿಕೊಳ್ಳುವುದರ ಬಗ್ಗೆ.

ಟೈಲರ್ ಮಗಳು

ಅಜ್ಜಿ ಈ ಮಾತು ಎತ್ತಿದ್ದು ಒಳ್ಳೆಯದಾಯಿತು. ನನ್ನ ಪ್ರಕಾರ ಬಟ್ಟೆಗಿಂತ ಆಕಾರ ಮುಖ್ಯ. ಜೋಲಾಡುವ ತೋಳು, ನೆಲ ಗುಡಿಸುವ ಲಂಗ, ಹಿಂದೆ ಹಾರುವ ಮೇಲಂಗಿ, ಜ್ವಾಲೆಗೆ ಸಿಗುವುದು ಇವೇ. ಆದ್ದರಿಂದ ಎರಡನ್ನೂ ಸೇರಿಸಿ: ಮೈಗೆ ಅಂಟಿಕೊಂಡಂತೆ ಒಳಗೆ ಹತ್ತಿಯ ಉದ್ದ ತೋಳಿನ ಬನಿಯನ್ ಮತ್ತು ಪೈಜಾಮ, ಮೇಲೆ ಫ್ಲೀಸ್, ತೋಳಿನ ಬಾಯಿಗೆ ಇಲಾಸ್ಟಿಕ್. ಮಂಡಿ ಕೆಳಗೆ ಏನೂ ಹಾರಬಾರದು. ನಮ್ಮ ಮನೆ ಕುಂಬಳಕಾಯಿಯಲ್ಲಂತೂ ಬ್ಯಾಟರಿ ದೀಪವೇ ಇರಲಿ.

ಇನ್ನೊಂದು. ಅಂಗಡಿಯಲ್ಲಿ ಫ್ಲೀಸ್ ಥಾನಿನ ತುದಿ ನೋಡಿ, ಮಕ್ಕಳ ರಾತ್ರಿ ಉಡುಪಿಗೆ ಅಲ್ಲ ಅಂತ ಬರೆದಿರುತ್ತದೆ. ಸುತ್ತಾಡಿ ಬಂದ ಮಗು ವೇಷದಲ್ಲೇ ನಿದ್ದೆ ಹೋಗುತ್ತದೆ. ಬಿಚ್ಚಿಸಿಯೇ ಮಲಗಿಸಿ.

ಮೊಮ್ಮಕ್ಕಳ ಅಜ್ಜಿ

ಒಳಗೆ ಹತ್ತಿ ಅಂದಿರಲ್ಲ, ಸಮಾಧಾನ ಆಯಿತು. ನನ್ನ ಮೊಮ್ಮಗಳಿಗೂ ಹಾಗೇ ಮಾಡಿಸುತ್ತೇನೆ.

ಪ್ರೀಸ್ಕೂಲ್ ಮಿಸ್, ಓಹಾಯೊ

ನಾನು ಮೂರು ನಾಲ್ಕು ವರ್ಷದ ಮಕ್ಕಳ ತರಗತಿ ನೋಡಿಕೊಳ್ಳುತ್ತೇನೆ. ವೇಷ ಹಾಕುವ ದಿನ ನಮಗೆ ದೊಡ್ಡ ಪರದಾಟ ಅಂದರೆ ಬಾತ್‌ರೂಮು. ಬೆನ್ನ ಹಿಂದೆ ಝಿಪ್ ಇರುವ ಒಂದೇ ತುಂಡಿನ ವೇಷ ಹಾಕಿಕೊಂಡು ಬಂದ ಮಗು "ಅರ್ಜೆಂಟು" ಅಂದಾಗ ಒಳಗಿನ ಕೈ, ಟೋಪಿ, ಬಾಲ ಎಲ್ಲ ಬಿಡಿಸುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಪಾಪ, ಅಷ್ಟು ಆಸೆಯಿಂದ ಹಾಕಿಕೊಂಡ ಬಟ್ಟೆಯಲ್ಲೇ ಅಳುತ್ತಾ ನಿಲ್ಲುತ್ತವೆ. ಅಂಗಿ ಬೇರೆ, ಪ್ಯಾಂಟು ಬೇರೆ ಅಂತ ಟೈಲರ್ ಮಗಳು ಹೇಳಿದ್ದು ಅದಕ್ಕೇ ನನಗೆ ಇಷ್ಟವಾಯಿತು. ಸೊಂಟಕ್ಕೆ ಸಾದಾ ಇಲಾಸ್ಟಿಕ್ ಇದ್ದರೆ ಮಗು ತಾನೇ ಇಳಿಸಿಕೊಳ್ಳುತ್ತದೆ.

ಕತ್ತಿಗೆ ದಾರ ಕಟ್ಟಬೇಡಿ. ಮಕ್ಕಳ ಮೇಲಂಗಿಯ ಕತ್ತಿನ ಲಾಡಿ ಜಾರುಬಂಡೆಯಲ್ಲಿ ಸಿಕ್ಕಿ ಉಸಿರು ಕಟ್ಟಿದ ಪ್ರಕರಣಗಳ ಮೇಲೆ 1996ರಲ್ಲೇ ಇಲ್ಲಿ ಎಚ್ಚರಿಕೆಯ ಮಾರ್ಗಸೂಚಿ ಬಂದಿದೆ. ವೆಲ್ಕ್ರೋ ಹಾಕಿ, ಎಳೆದರೆ ಬಿಟ್ಟುಕೊಳ್ಳುತ್ತದೆ. ಮುಖವಾಡವನ್ನು ಬಹಳ ಶಾಲೆಗಳು ಒಪ್ಪುವುದಿಲ್ಲ. ಅದು ಸರಿಯೂ ಹೌದು, ಮಗುವಿಗೆ ಮೆಟ್ಟಿಲು ಕಾಣುವುದಿಲ್ಲ. ಟೋಪಿಯ ಮೇಲೆ ಸೊಂಡಿಲು ಇದ್ದರೆ ಮುಖ ಖಾಲಿ ಇರುತ್ತದೆ, ಅದೇ ಒಳ್ಳೆಯದು.

ಕಾರಿನಲ್ಲಿ ಹೋಗುವವರು ನೆನಪಿಡಿ: ಬೆನ್ನಿನ ಮೇಲೆ, ಹೊಟ್ಟೆಯ ಮೇಲೆ ದಪ್ಪ ತುಂಬು ಇರುವ ವೇಷದ ಮೇಲೆ ಕಾರ್ ಸೀಟಿನ ಬೆಲ್ಟು ಹಾಕಬಾರದು. ಬೆಲ್ಟು ಬಿಗಿಯಾದ ಹಾಗೆ ಕಾಣುತ್ತದೆ, ಆದರೆ ಒಳಗೆ ಸಡಿಲ ಇರುತ್ತದೆ.

ಪುಟ್ಟನ ಅಮ್ಮ

ಮಿಸ್, ಹಾಗಾದರೆ ಅಂಬಾರಿ? ರಟ್ಟಿನ ಪೆಟ್ಟಿಗೆಗೆ ಚಿನ್ನದ ಕಾಗದ ಅಂಟಿಸಿ ಬೆನ್ನಿಗೆ ಕಟ್ಟೋಣ ಅಂದುಕೊಂಡಿದ್ದೆ.

ಟೈಲರ್ ಮಗಳು

ನಿಜವಾದ ಅಂಬಾರಿ 750 ಕಿಲೋ. ಅದನ್ನು ಹೊರಲು ಅಭಿಮನ್ಯುವಿಗೇ ತಿಂಗಳುಗಟ್ಟಲೆ ತಾಲೀಮು. ನಿಮ್ಮ ಅಭಿಮನ್ಯುವಿಗೆ ಹಗುರವಾದದ್ದು ಕೊಡೋಣ. ರಟ್ಟಿನ ಪೆಟ್ಟಿಗೆ ಬಾಗಿಲ ಚೌಕಟ್ಟಿಗೆ ತಾಗುತ್ತದೆ, ಮಳೆ ಬಂದರೆ ನೆನೆಯುತ್ತದೆ. ಕ್ರಾಫ್ಟ್ ಅಂಗಡಿಯ ತೆಳು ಫೋಮ್ ಹಾಳೆಯಲ್ಲಿ ಅಂಬಾರಿಯ ಆಕಾರ ಕತ್ತರಿಸಿ: ಕೆಳಗೆ ಪೀಠ, ಎರಡು ಕಂಬ, ಮೇಲೆ ಕಮಾನಿನ ಮಂಟಪ. ಹಳದಿ ಬಟ್ಟೆಯ ಚೀಲದೊಳಗೆ ಇಟ್ಟು ಸುತ್ತ ಹೊಲಿಗೆ ಹಾಕಿ. ಚಪ್ಪಟೆಯಾಗಿ ಬೆನ್ನಿಗೆ ಒರಗಿ ನಿಲ್ಲುತ್ತದೆ. ಹಿಂದೆ ಎರಡು ಅಡ್ಡ ಪಟ್ಟಿ ವೆಲ್ಕ್ರೋ. ಕಾರಿನಲ್ಲಿ ಕಿತ್ತು ಪಕ್ಕಕ್ಕೆ ಇಡಿ, ಇಳಿದ ಮೇಲೆ ಅಂಟಿಸಿ.

ಅಂಬಾರಿಯ ಕೆಳಗೆ ಜೂಲು ಬೇಕಲ್ಲ, ಅದಕ್ಕೆ ಹಳೇ ಸೀರೆಯ ಜರಿ ಅಂಚು ಇದ್ದರೆ ಹುಡುಕಿ. ಎರಡೂ ಪಕ್ಕ ಇಳಿಬಿಟ್ಟು, ನಾಲ್ಕೂ ಮೂಲೆಯನ್ನು ಅಂಗಿಗೆ ಟಾಕಾ ಹಾಕಿಬಿಡಿ, ಹಾರಬಾರದು.

ಕರಾವಳಿ ಅಪ್ಪ

ಬೂದು ಬಣ್ಣದ ಆನೆ, ಕತ್ತಲೆ ರಸ್ತೆ. ನಿಮ್ಮೂರಲ್ಲಿ ಅಕ್ಟೋಬರ್ 31ಕ್ಕೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕಾರು ಓಡಿಸುವವರಿಗೆ ಆ ಬಣ್ಣ ಕಾಣುವುದೇ ಇಲ್ಲ. ಜೂಲಿನ ಸುತ್ತ ಜರಿಯ ಜೊತೆ ಬೆಳಕು ಹಿಂದಕ್ಕೆ ಹೊಡೆಯುವ ರಿಫ್ಲೆಕ್ಟಿವ್ ಟೇಪ್ ಹೊಲಿಯಿರಿ. ಇಸ್ತ್ರಿಯಲ್ಲಿ ಅಂಟಿಸುವುದು ಬೇಡ, ಹೊಲಿಯುವ ಥರದ್ದೇ ತನ್ನಿ. ಹೆಡ್‌ಲೈಟ್ ಬಿದ್ದಾಗ ಬೆಳ್ಳಿಯ ಅಂಚಿನ ಹಾಗೆ ಹೊಳೆಯುತ್ತದೆ, ವೇಷಕ್ಕೂ ಶೋಭೆ.

ಮಲ್ಲೇಶ್ವರದ ಮಗಳು, ಸಿಯಾಟಲ್

ಎಲ್ಲ ಓದಿದೆ, ತುಂಬಾ ಚೆನ್ನಾಗಿದೆ. ಒಂದು ಸಂಕೋಚ ಹೇಳಿಕೊಳ್ಳಲಾ? ಭಾರತೀಯ ಮಗು ಆನೆಯ ವೇಷ ಹಾಕಿದರೆ ಜನ ಗಣೇಶ ಅಂದುಕೊಳ್ಳುತ್ತಾರೆ. ದೇವರನ್ನು ಹ್ಯಾಲೋವೀನ್ ವೇಷ ಮಾಡುವುದು ನನಗೆ ಮನಸ್ಸಿಗೆ ಒಪ್ಪುವುದಿಲ್ಲ.

ಪುಟ್ಟನ ಅಮ್ಮ

ನನಗೂ ಆ ಯೋಚನೆ ಬಂದಿತ್ತು. ಕಿರೀಟ, ಜನಿವಾರ, ಮೋದಕ ಏನೂ ಇರುವುದಿಲ್ಲ. ಬೆನ್ನ ಮೇಲೆ ಅಂಬಾರಿ, ಎರಡು ಪೂರ್ತಿ ದಂತ, ಪ್ಯಾಂಟಿನ ತುದಿಗೆ ಬಿಳಿ ಫೆಲ್ಟಿನ ಉಗುರು. ಯಾರಾದರೂ ಕೇಳಿದರೆ ಹೇಳಲಿ ಅಂತ ಮಗನಿಗೆ ಇಂಗ್ಲಿಷಿನಲ್ಲಿ ಒಂದು ಸಾಲು ಕಲಿಸಿದ್ದೇನೆ: ನಾನು ಮೈಸೂರಿನ ಮೆರವಣಿಗೆ ಆನೆ. ಅವನೇ ಮುಂದುವರಿಸಿ 750 ಕಿಲೋ ಅನ್ನುವುದನ್ನೂ ಸೇರಿಸಿಕೊಂಡಿದ್ದಾನೆ.

ಮಲ್ಲೇಶ್ವರದ ಮಗಳು

ಹಾಗಿದ್ದರೆ ಮನಸ್ಸು ತುಂಬಿ ಹೇಳುತ್ತೇನೆ, ಮಾಡಿ. ಉಗುರು ಮುಂಗಾಲಿಗೆ ಐದು, ಹಿಂಗಾಲಿಗೆ ನಾಲ್ಕು ಇಡಿ. ಮುಂಗಾಲು ಅಂದರೆ ತೋಳಿನ ತುದಿ.

ಮೊಮ್ಮಕ್ಕಳ ಅಜ್ಜಿ

ಚಿಕ್ಕವಳಿಗೆ ಯಾರೂ ಏನೂ ಹೇಳಲಿಲ್ಲವಲ್ಲ. ಆನೆಗೆ ಕಬ್ಬು ಇಷ್ಟ. ಅವಳನ್ನು ಕಬ್ಬು ಮಾಡಿ.

ಟೈಲರ್ ಮಗಳು

ಅಜ್ಜಿ! ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಪೂರ್ತಿ ನೇರ ಹೊಲಿಗೆ. ನೇರಳೆ ಕಂದು ಬಣ್ಣದ ಫ್ಲೀಸಿನಲ್ಲಿ ತೋಳಿಲ್ಲದ ಉದ್ದ ಅಂಗಿ, ಅಡ್ಡಕ್ಕೆ ನಾಲ್ಕು ಕಡೆ ತಿಳಿ ಹಸಿರು ಪಟ್ಟಿ, ಅವೇ ಗಿಣ್ಣು. ಟೋಪಿಯ ನೆತ್ತಿಯ ಹೊಲಿಗೆಯೊಳಗೆ ಹಸಿರು ಫೆಲ್ಟಿನ ನಾಲ್ಕೈದು ಸೋಗೆ. ಚಳಿಯ ಬಟ್ಟೆಯ ಮೇಲೇ ಹಾಕಬಹುದು. ಎರಡೂ ಭುಜದಲ್ಲಿ ವೆಲ್ಕ್ರೋ ಇದ್ದರೆ ಡೈಪರ್ ಬದಲಿಸಲೂ ಸುಲಭ. ಅವಳಿಗೆ ಮಾತ್ರ ಗುಂಡಿ, ಮಣಿ, ಗೆಜ್ಜೆ ಬೇಡ. ಅವಳ ಕೈಗೆಟುಕುವಂತೆ ಅಣ್ಣನ ವೇಷಕ್ಕೂ ಬೇಡ. ಒಂದೂಕಾಲು ಇಂಚಿಗಿಂತ ಚಿಕ್ಕದು ಏನಿದ್ದರೂ ಗಂಟಲಿಗೆ ಸಿಗುತ್ತದೆ. ಗಂಟೆ ಬೇಕು ಅನ್ನಿಸಿದರೆ ಹಳದಿ ಫೆಲ್ಟಿನಲ್ಲಿ ಗಂಟೆಯ ಆಕಾರ ಕತ್ತರಿಸಿ ಹೊಲಿಯಿರಿ.

ಪುಟ್ಟನ ಅಮ್ಮ

ಕಬ್ಬು! ಮನೆಯವರಿಗೆ ಓದಿ ಹೇಳಿದೆ, ಎಲ್ಲರೂ ಒಪ್ಪಿದರು. ಫ್ಲೀಸ್ ಹೊದಿಕೆ ತಂದಿದ್ದೇನೆ, ಅಂಗಿ ಕತ್ತರಿಸಿಯೂ ಆಯಿತು. ಕೊನೆಯದೊಂದು ಕೇಳುತ್ತೇನೆ. ದಸರಾ ಆನೆಯ ಹಣೆ, ಸೊಂಡಿಲ ಮೇಲೆ ಹೂಬಳ್ಳಿ ಚಿತ್ತಾರ ಬರೆದಿರುತ್ತಾರಲ್ಲ, ಅದನ್ನು ಬಟ್ಟೆಯ ಬಣ್ಣದಲ್ಲಿ ಬರೆಯಲಾ?

ಟೈಲರ್ ಮಗಳು

ಫ್ಲೀಸಿನ ಜುಂಜಿನ ಮೇಲೆ ಬಣ್ಣ ಗಟ್ಟಿಯಾಗಿ ಕೂರುತ್ತದೆ, ಸೊಂಡಿಲು ಸುರುಳಿಯಾಗುವಲ್ಲಿ ಬಿರಿಯುತ್ತದೆ. ಫೆಲ್ಟಿನಲ್ಲಿ ಹೂವು, ಎಲೆ ಕತ್ತರಿಸಿ ಹೊಲಿಯಿರಿ. ಹಣೆಗೆ ಬಿಳಿ, ಹಳದಿ, ಕೆಂಪು. ಧೈರ್ಯ ಇದ್ದರೆ ನಡುವೆ ಒಂದು ಗಂಡಭೇರುಂಡ. ಟೋಪಿಯ ಎರಡು ಪಕ್ಕಗಳನ್ನು ಕೂಡಿಸುವ ಮೊದಲೇ, ಬಟ್ಟೆ ಚಪ್ಪಟೆಯಾಗಿರುವಾಗ ಹೊಲಿದುಬಿಡಿ. ಕೂಡಿಸಿದ ಮೇಲೆ ಮಷೀನಿನ ಕೆಳಗೆ ಹೋಗುವುದಿಲ್ಲ, ಎಲ್ಲ ಕೈಹೊಲಿಗೆ ಆಗುತ್ತದೆ. ನಡುವಿನ ಹೊಲಿಗೆಯ ಮೇಲೆ ಬರುವ ಗಂಡಭೇರುಂಡ ಒಂದನ್ನು ಮಾತ್ರ ಕೊನೆಗೆ ಕೈಯಲ್ಲಿ ಹಾಕಿ. ಸೊಂಡಿಲಿನ ಹೂಗಳನ್ನು ಇಲಾಸ್ಟಿಕ್ ಹೊಡೆಯುವ ಮೊದಲೇ ಬಟ್ಟೆಗೆ ಹಾಕಿ. ಆದರೆ ನಡುಗೆರೆಯ ಎರಡೂ ಕಡೆ ಅರ್ಧ ಇಂಚು ಖಾಲಿ ಬಿಡಿ, ಇಲ್ಲದಿದ್ದರೆ ಸುಕ್ಕಿನೊಳಗೆ ಹೂವು ಮುಚ್ಚಿಹೋಗುತ್ತದೆ.